ಒಗೆಯುವ ಕಲ್ಲಿನ ರಾಜ

"ಹಾರೆ ಒಸಿ ಒಳಕ್ಕೆ ತಳ್ಳಲಾ ಬಾಲ! ಏಳ್ತಾ ಐತೆ, ಏಳ್ತಾ ಐತೆ!" ಗಂಗರಾಜು ಕೂಗಿದ.

ಕುದೂರಿನ ಕಲ್ಲುಕೆಲಸದ ಮುನಿಶಾಮಯ್ಯ ತೀರಿಕೊಂಡಿದ್ದ. ಅವನ ಹಿತ್ತಲಲ್ಲಿ ಗಂಗರಾಜು, ಬಾಲರಾಜು ಬಟ್ಟೆ ಒಗೆಯುವ ಕಲ್ಲನ್ನು ಮೀಟುತ್ತಿದ್ದರು. ಹೂತ ಮೇಲೆ ತಲೆದೆಸೆಗೆ ಒಂದು ಕಲ್ಲು ಇಡಬೇಕಲ್ಲ, ಅವನ ಕೈಯದೇ ಇರಲಿ ಎಂದವಳು ಹೆಂಡತಿ ಪುಟ್ಟಗೌರಮ್ಮ. ಅದರ ಮೇಲೆ ಅವನು ಚೌಕಚೌಕವಾಗಿ ಗೀರು ಕೊರೆದಿದ್ದ. ಕೊಳೆ ಬಿಡಲೆಂದೇ ಕೊರೆದದ್ದೆಂದು ನಂಬಿ ಅವಳು ಮೂವತ್ತು ವರ್ಷ ಸೀರೆ ಉಜ್ಜಿದ್ದಳು, ಪಾಪ.

ಕಲ್ಲು ದೊಪ್ಪನೆ ಮಗುಚಿತು.

"ಅಯ್ಯಯ್ಯೋ, ಮೂತಿ ಐತೆ ಕಣ್ಲಾ!"

ನೀರು ಸುರಿದರು. ಪೇಟ, ಹುಬ್ಬು, ಮೀಸೆ. ಯಾರೋ ರಾಜ! ಸತ್ತವನೊಬ್ಬನನ್ನೇ ಅಂಗಳದಲ್ಲಿ ಬಿಟ್ಟು ಇಡೀ ಸಾವಿನ ಮನೆ, ತಮಟೆಯವರ ಸಮೇತ, ಹಿತ್ತಲಿಗೆ ನುಗ್ಗಿತು. ಎಡಗಡೆ ಮುಖ ಇನ್ನೇನು ಮಾತಾಡಬೇಕು, ಹಾಗಿತ್ತು. ಬಲಗಡೆ ಬರೀ ಅಳತೆಯ ಗೀರುಗಳು, ಸೀರೆ ಉಜ್ಜಿದ ಮೇಲ್ಭಾಗದಲ್ಲಿದ್ದಂಥವೇ ಚೌಕಗಳು; ಕೆನ್ನೆಯ ಮೇಲೊಂದು ಒರಟು ಗುಳಿ.

"ಅರ್ಧಕ್ಕೇ ಕೈಬುಟ್ಟವ್ನೆ," ಎಂದ ಬಾಲರಾಜು.

ಚನ್ನಪಟ್ಟಣದಿಂದ ಬಂದಿದ್ದ ಮಗಳು ನಯನ ಆ ಗುಳಿ ಕಂಡು ಅದರೊಳಕ್ಕೆ ಬೆರಳಿಟ್ಟಳು.

*

ಎಂಟು ವರ್ಷದವಳಿದ್ದಾಗ, ಅಪ್ಪ ಊಟಕ್ಕೆದ್ದ ಹೊತ್ತಲ್ಲಿ ಉಳಿ ಎತ್ತಿ ಒಂದೇಟು ಹಾಕಿದ್ದಳು. ರಾಜನ ಕೆನ್ನೆ ಚಕ್ಕೆ ಎದ್ದಿತ್ತು. ಅಪ್ಪ ಬೈಯಲಿಲ್ಲ. ಮಾರನೆಯ ದಿನ ಕಲ್ಲೇ ಇರಲಿಲ್ಲ. ಹಾಳು ಮಾಡಿದೆನೆಂದೇ ಎಸೆದ ಎಂದುಕೊಂಡಳು. ಅವಳು ಮತ್ತೆ ಉಳಿ ಕೇಳಲಿಲ್ಲ, ಅವನು ಕರೆಯಲಿಲ್ಲ. ಕೊನೆಗೆ ಮರದ ಗೊಂಬೆ ಕೆಲಸಕ್ಕೆ ಹೊರಟುಹೋದಳು.

*

"ಎಸ್ದಿಲ್ಲ ಕಣವ್ವಾ!" ನಯನ ಚೀರಿದಳು. "ಇಲ್ನೋಡು, ಈ ಕಡೀಕೂ ಗುಳಿ ಮಾಡವ್ನೆ!"

ಹೌದು! ಎಡಗೆನ್ನೆಯಲ್ಲೂ ಅಷ್ಟೇ ಆಳದ ಗುಳಿ, ನುಣ್ಣಗೆ. ಮಗಳ ತಪ್ಪಿಗೆ ಜೋಡಿ ಮಾಡಿ, ಗಂಟುಮುಖದ ರಾಜನನ್ನು ಗುಳಿಕೆನ್ನೆಯವನಾಗಿ ನಗಿಸಿಬಿಟ್ಟಿದ್ದ. ಬಲಗಡೆಯನ್ನು ಮುಟ್ಟಿರಲೇ ಇಲ್ಲ.

"ಮಗುಚ್ಬೇಡ, ಕೇಳ್ಕೊಂಡು ಬರೋರು ಬತ್ತಾರೆ ಅಂತಿದ್ದ ನಿಮ್ಮಪ್ಪ," ಪುಟ್ಟಗೌರಮ್ಮ ಅಳುತ್ತಲೇ ನಕ್ಕಳು. "ನೀನು ಕೇಳ್ಲೇ ಇಲ್ವಲ್ಲೇ!"

ನಯನ ಓಡಿಹೋಗಿ ಅಪ್ಪನ ಉಳಿ, ಸುತ್ತಿಗೆ ತಂದಳು.

ಊರಿನ ಹಿರಿಯ ಮಾಯಣ್ಣ ಅಡ್ಡ ಬಂದ. "ಹೆಣ ಮನೇಲೈತೆ, ಉಳಿ ಮುಟ್ಬಾರ್ದು ಕಣವ್ವಾ!"

"ಮುಟ್ಲಿ ಬುಡಣ್ಣ," ಎಂದಳು ಪುಟ್ಟಗೌರಮ್ಮ. "ತಲೆದೆಸೆಗೆ ಬ್ಯಾರೆ ಕಲ್ಲು ನೋಡಿ."

ನಯನಳ ಮೊದಲ ಏಟಿಗೆ ರಾಜನ ಬಲಗಡೆಯಿಂದ ಚಕ್ಕೆ ಹಾರಿತು. ಪುಟ್ಟಗೌರಮ್ಮ ಅದನ್ನು ಹೆಕ್ಕಿಕೊಂಡು ಅಂಗಳಕ್ಕೆ ಹೋಗಿ, ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.