ಬೋರ್ಡ್ ಬರೆಯುವವನ ಅಂಗಡಿಗೇ ಬೋರ್ಡ್ ಇರಲಿಲ್ಲ

ಫೋನ್ ಅವತ್ತೂ ಬಾಯಿ ಬಿಡಲಿಲ್ಲ. ಪೇಂಟರ್ ಅದನ್ನು ಬಣ್ಣದ ಡಬ್ಬಿಗಳ ನಡುವೆ, ಕಣ್ಣಿಗೆ ಬೀಳುವ ಹಾಗೆ ಒರಗಿಸಿಟ್ಟಿದ್ದ. ಇಡೀ ವಾರದಲ್ಲಿ ಅದು ರಿಂಗಾದದ್ದು ಎರಡೇ ಸಲ. ಒಂದು ರಾಂಗ್ ನಂಬರ್. ಇನ್ನೊಂದು ಗೋದಾಮಿನ ಮ್ಯಾನೇಜರದು.

"ಒಂದನೇ ತಾರೀಖಿಂದ ಗೇಟ್ ಕಾಯೋಕೆ ಬರ್ತೀರೋ ಇಲ್ವೋ, ಹೇಳಿಬಿಡಿ. ಬೇರೆಯವರು ಕೇಳ್ತಾ ಇದ್ದಾರೆ."

ಪೇಂಟರ್ ಇಪ್ಪತ್ತೆಂಟು ವರ್ಷದಿಂದ ಅಂಗಡಿಗಳಿಗೆ ಕೈಯಲ್ಲಿ ಬೋರ್ಡ್ ಬರೆದವನು. ಈಗ ಎಲ್ಲರೂ ಅರ್ಧ ಗಂಟೆಯಲ್ಲಿ ಫ್ಲೆಕ್ಸ್ ಮಾಡಿಸಿಕೊಂಡು ಹೋಗುತ್ತಾರೆ. ಕೈಬರಹವೇ ಬೇಕು ಎನ್ನುವವರು ಇಲ್ಲವೇ ಇಲ್ಲ ಎಂದಲ್ಲ. ಇವನು ಇಲ್ಲಿದ್ದಾನೆ ಎಂಬುದು ಅವರಿಗೆ ಗೊತ್ತಿಲ್ಲ, ಅಷ್ಟೇ.

ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಹಾಸಿಗೆ ಹೊದಿಕೆ ಮಡಚುತ್ತಾಳೆ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದು, ಬೋರಲು ಹಾಕಿದ ಬಣ್ಣದ ಬಕೆಟ್ಟಿನ ಮೇಲೆ ಕುಕ್ಕರಿಸುತ್ತಾಳೆ. ಅವತ್ತೂ ಹಾಗೇ ಕೂತಳು. ಚಪ್ಪಲಿಯಿಂದ ಕಾಲು ಹೊರಗೆ ತೆಗೆಯುವುದಕ್ಕೂ ಅವಳಿಗೆ ತ್ರಾಣವಿರಲಿಲ್ಲ.

"ವೆಬ್‌ಸೈಟ್ ನೋಡಿ ಯಾರಾದ್ರೂ ಫೋನ್ ಮಾಡಿದ್ರಾ?" ಎಂದಳು.

"ಮಾಡಿದ್ರು. ಗೋದಾಮಿನವರು. ಅವರೂ ವೆಬ್‌ಸೈಟ್ ನೋಡಿ ಅಲ್ಲ."

ಆ ವೆಬ್‌ಸೈಟ್ ಅವಳೇ ಮಾಡಿದ್ದು. ಪುಟದ ಮೇಲೆ ಚೌಕಗಳನ್ನು ಬೆರಳಲ್ಲಿ ಎಳೆದು ಕೂರಿಸಿದರೆ ಸಾಕು, ಬೇರೇನೂ ಕಲಿಯಬೇಕಿಲ್ಲ ಎಂದು ಜಾಹೀರಾತಿನಲ್ಲಿತ್ತು. ನಾಲ್ಕು ತಿಂಗಳು ಊಟದ ವಿರಾಮದಲ್ಲಿ, ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಫೋನು. ಮುಗಿದಾಗ ಪುಟ ಎಷ್ಟು ಚೆನ್ನಾಗಿತ್ತೆಂದರೆ ಜೊತೆಯ ಕೆಲಸದವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದ್ದರು. ಅದಾಗಿ ಒಂಬತ್ತು ತಿಂಗಳು. ಆಮೇಲೆ ಬೇರೆ ಯಾರೂ ನೋಡಿದ ಹಾಗೆ ಕಾಣಲಿಲ್ಲ.

"ಅದೆಲ್ಲ ದೊಡ್ಡ ಕಂಪನಿಯವರಿಗೆ ಕಣೇ," ಎಂದ ಪೇಂಟರ್. "ನಾನು ಗೋದಾಮಿಗೆ ಬರ್ತೀನಿ ಅಂದುಬಿಡ್ತೀನಿ. ಅಂಗಡಿ ನಿಧಾನಕ್ಕೆ ಖಾಲಿ ಮಾಡಿದ್ರಾಯ್ತು."

ಬೇಡ ಎಂದು ಜಗಳ ಆಡಲಾರದಷ್ಟು ದಣಿದಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಬೇಜಾರಾಯಿತು.

ಅಷ್ಟರಲ್ಲಿ ಗ್ರಂಥಾಲಯದ ಅಕ್ಕ ಒಳಗೆ ಬಂದರು. ಇದೇ ಬೀದಿಯ ಗ್ರಂಥಾಲಯವನ್ನು ನೋಡಿಕೊಳ್ಳುವವರು ಅವರು. ಕಂಕುಳಲ್ಲಿ ಕಪಾಟಿಗೆ ತೂಗುಹಾಕುವ ನಾಲ್ಕು ಸಣ್ಣ ಹಲಗೆಗಳಿದ್ದವು. ಅಕ್ಷರ ಮಾಸಿದೆ, ತಿದ್ದಿಕೊಡಿ ಎಂದರು. ಇಬ್ಬರ ಮುಖ ನೋಡಿ, "ಏನಾಯ್ತು? ಇಬ್ರೂ ಹೀಗೆ ಕೂತಿದ್ದೀರಿ?" ಎಂದು ಕೇಳಿದರು.

ಅವಳು ಎಲ್ಲ ಹೇಳಿದಳು. ಅಕ್ಕ ಹಲಗೆಗಳನ್ನು ಕೆಳಗಿಟ್ಟು ತಮ್ಮ ಫೋನ್ ತೆಗೆದು, 'ಕೈಯಲ್ಲಿ ಬೋರ್ಡ್ ಬರೆಯುವವರು' ಎಂದು ಹುಡುಕಿದರು. ಬಂದದ್ದೆಲ್ಲ ಫ್ಲೆಕ್ಸ್ ಅಂಗಡಿಗಳೇ. ಆಮೇಲೆ ಪೇಂಟರನ ಅಂಗಡಿಯ ಹೆಸರನ್ನೇ ಹಾಕಿದರು. ಅದೂ ಬರಲಿಲ್ಲ.

"ಹೆಸರು ಹಿಡಿದು ಕರೆದ್ರೂ ಓಗೊಡ್ತಿಲ್ಲ ಅಂದ್ರೆ ಎಲ್ಲೋ ಬಾಗಿಲು ಮುಚ್ಚಿದೆ ಅಂತ. ನೀನು ಪುಟ ಕಟ್ಟೋ ಜಾಗ ತೆಗಿ ನೋಡೋಣ."

ಅವಳು ತೆರೆದು ಕೊಟ್ಟಳು. ಅಕ್ಕ ಸೆಟ್ಟಿಂಗ್ಸ್ ಒಳಗೆ ಹೋಗಿ, ಕನ್ನಡಕ ಮೇಲೇರಿಸಿ ನಿಧಾನವಾಗಿ ಓದುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು. 'ಹುಡುಕಾಟದಲ್ಲಿ ಈ ತಾಣವನ್ನು ತೋರಿಸಬೇಡ' ಎಂದಿತ್ತು. ಎದುರಿನ ಗುಂಡಿ ಆನ್ ಆಗಿತ್ತು.

"ಇದನ್ನ ಯಾರು ಹಾಕಿದ್ದು?"

ಅವಳಿಗೆ ತಟ್ಟನೆ ನೆನಪಾಯಿತು. ಹಾಕಿದ್ದು ಅವಳೇ. ಮೊದಲನೇ ವಾರ, ಅರ್ಧಂಬರ್ಧ ಪುಟ ನೋಡಿ ಯಾರಾದರೂ ನಕ್ಕಾರೆಂದು ಹಾಕಿದ್ದಳು. ಮುಗಿದ ಮೇಲೆ ತೆಗೆಯುವುದು ಮರೆತೇ ಹೋಗಿತ್ತು. ಒಂಬತ್ತು ತಿಂಗಳು ತಾನೇ ಬೀಗ ಹಾಕಿ, ಯಾರೂ ಬರಲಿಲ್ಲವೆಂದು ತಾನೇ ಕೊರಗಿದ್ದಳು. "ನಾನೇ ಅಕ್ಕ," ಎಂದಳು, ನಗಬೇಕೋ ಅಳಬೇಕೋ ತಿಳಿಯದೆ.

"ನೀನೊಬ್ಬಳೇ ಅಲ್ಲಮ್ಮ, ಎಷ್ಟೋ ಜನ ಹೀಗೆ ಮರೀತಾರೆ," ಎಂದು ಅಕ್ಕ ಗುಂಡಿ ಆಫ್ ಮಾಡಿದರು. "ಆದ್ರೆ ಇಷ್ಟಕ್ಕೇ ಮುಗೀಲಿಲ್ಲ. ಪುಟದ ಹೆಸರು ನೋಡು, 'ಹೊಸ ಪುಟ ಒಂದು' ಅಂತಿದೆ. ಮೇಲಾಗಿ ಇಲ್ಲಿ ಓದೋಕೆ ಒಂದೇ ಒಂದು ಅಕ್ಷರ ಇಲ್ಲವಲ್ಲ!"

ಪೇಂಟರ್ ಎದ್ದು ಬಂದ. "ಇಲ್ಲ ಅಂದ್ರೆ? ಅಷ್ಟೂ ನಾನೇ ಬರೆದಿದ್ದೀನಿ ಮೇಡಂ!"

ನಿಜವೇ. ಅಂಗಡಿಯ ಹೆಸರು, ಫೋನ್ ನಂಬರ್, ಯಾವ ಯಾವ ಕೆಲಸ ಮಾಡುತ್ತಾನೆ ಎಂಬುದೆಲ್ಲವನ್ನೂ ಅವನು ಹಲಗೆಯ ಮೇಲೆ ಕುಂಚದಲ್ಲಿ ಬರೆದಿದ್ದ. ಅವಳು ಫೋಟೋ ಹಿಡಿದು ಹಾಕಿದ್ದಳು. ಒಂದಾದರೂ ಟೈಪ್ ಮಾಡಿದ ಅಕ್ಷರ ತನ್ನ ಪುಟದಲ್ಲಿ ಇರಕೂಡದೆಂದು ಪೇಂಟರ್ ಹಟ ಹಿಡಿದಿದ್ದ.

"ನಮ್ಮ ಕಣ್ಣಿಗೆ ಅದು ಬರಹ," ಎಂದರು ಅಕ್ಕ. "ಹುಡುಕುವ ಯಂತ್ರಕ್ಕೆ ಅದು ಬರೀ ಫೋಟೋ. ಅದರಲ್ಲಿರೋದನ್ನ ಓದಿಕೊಳ್ಳುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ನಮ್ಮಲ್ಲಿ ಬೆನ್ನ ಮೇಲೆ ಹೆಸರಿಲ್ಲದ ಪುಸ್ತಕ ಎಷ್ಟು ಒಳ್ಳೇದಿದ್ರೂ ಯಾರ ಕೈಗೂ ಸಿಗಲ್ಲ. ಇದೂ ಹಾಗೇ. ಫೋಟೋ ಇರಲಿ. ಕೆಳಗೆ ಅದೇ ಮಾತು ಟೈಪ್ ಮಾಡಿ."

"ಆಗಲ್ಲ," ಎಂದ ಪೇಂಟರ್. "ನನ್ನ ಹೊಟ್ಟೆ ಮೇಲೆ ಹೊಡೆದದ್ದೇ ಆ ಮೆಷಿನ್ ಅಕ್ಷರ. ಅದನ್ನ ತಂದು ನನ್ನ ಅಂಗಡೀಲೇ ಕೂರಿಸ್ಲಾ? ಅದಕ್ಕಿಂತ ಗೇಟ್ ಕಾಯೋದೇ ವಾಸಿ."

ಅವಳು ಗಂಡನ ಬೆರಳುಗಳನ್ನು ನೋಡಿದಳು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಅವನ ನೋವು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಇನ್ನೂ ಒಂದಿತ್ತು.

"ರೀ, ಆ ಸೈಕಲ್ ರಿಪೇರಿಯವರು ನೆನಪಿದ್ದಾರಾ? ಬೋರ್ಡ್ ತುಂಬಾ ಅವರಪ್ಪನ ಹೆಸರೇ ದೊಡ್ಡದಾಗಿ ಬರೀಬೇಕು ಅಂತ ಕೂತಿದ್ರಲ್ಲ. ನೀವು ಅವರಿಗೆ ಏನಂದ್ರಿ?"

ಪೇಂಟರ್ ಕುಂಚವೊಂದನ್ನು ಕೈಗೆತ್ತಿಕೊಂಡ.

"'ಸ್ವಾಮಿ, ಪಂಕ್ಚರ್ ಆದವನು ನಿಮ್ಮಪ್ಪನ್ನ ಹುಡುಕ್ಕೊಂಡು ಬರಲ್ಲ. ಪಂಕ್ಚರ್ ಅಂತ ದೊಡ್ಡದಾಗಿ ಬರೆಸಿ' ಅಂದ್ರಿ. ಅವರು ಮುನಿಸಿಕೊಂಡ್ರು. ಆದ್ರೂ ಬರೆಸಿದ್ರು. ಅಕ್ಕ ಹೇಳ್ತಾ ಇರೋದೂ ಅದನ್ನೇ ಅಲ್ವಾ? ಇದು ನಿಮ್ಮ ವಿದ್ಯೇನೇ ಕಣ್ರೀ. ಊರಿಗೆಲ್ಲ ಹೇಳಿದ್ರಿ, ನಮಗೆ ಹೇಳಿಕೊಳ್ಳಲಿಲ್ಲ."

ಪೇಂಟರ್ ಬಹಳ ಹೊತ್ತು ಕುಂಚದ ಕೂದಲನ್ನು ಬೆರಳಲ್ಲಿ ಸವರುತ್ತಾ ನಿಂತ. ಆಮೇಲೆ ಸೋತವನ ಹಾಗೆ ಉಸಿರು ಬಿಟ್ಟ.

"ಬರ್ಕೋ. ಗಾಜಿನ ಬಾಗಿಲ ಮೇಲೆ ಕೈಯಲ್ಲಿ ಅಕ್ಷರ ಬರೆದುಕೊಡುತ್ತೇವೆ."

ಅವನು ಹೇಳುತ್ತಾ ಹೋದ, ಅವಳು ಟೈಪ್ ಮಾಡುತ್ತಾ ಹೋದಳು. 'ಹೊಸ ಪುಟ ಒಂದು' ಎಂಬುದು 'ಕೈಬರಹದ ಅಂಗಡಿ ಬೋರ್ಡ್, ಗಾಜಿನ ಮೇಲೆ ಅಕ್ಷರ' ಎಂದಾಯಿತು. ಪುಟದ ಮೊದಲ ಸಾಲಿನ ಅಕ್ಷರ ಬರೀ ದಪ್ಪ ಮಾಡಿದರೆ ಸಾಲದು, ಹುಡುಕುವ ಯಂತ್ರಕ್ಕೆ ತಿಳಿಯುವ ಹಾಗೆ ಅದನ್ನು 'ಶೀರ್ಷಿಕೆ' ಎಂದೇ ಗುರುತು ಮಾಡಬೇಕು ಎಂದರು ಅಕ್ಕ. ಪ್ರತಿ ಫೋಟೋಗೂ ಅದರಲ್ಲಿ ಏನಿದೆ ಎಂದು ಬರೆಯುವ ಸಣ್ಣ ಜಾಗವಿತ್ತು. ಅವಳು ಅದನ್ನು ಈವರೆಗೆ ಖಾಲಿ ಬಿಟ್ಟಿದ್ದಳು. ಫೋಟೋಗಳೂ ಭಾರ.

"ಬಸ್ಸಲ್ಲಿ ಕೂತು ನೋಡೋವನಿಗೆ ಇದು ತೆರೆಯೋ ಹೊತ್ತಿಗೆ ಅವನ ಸ್ಟಾಪೇ ಬಂದಿರುತ್ತೆ. ಚಿಕ್ಕದು ಮಾಡಿ ಹಾಕು," ಎಂದರು ಅಕ್ಕ. ಕೊನೆಗೆ, ಹೀಗೊಂದು ತಾಣವಿದೆ ಎಂದು ಹುಡುಕಾಟದ ಕಂಪನಿಗೇ ತಿಳಿಸುವುದು ಹೇಗೆಂದು ತೋರಿಸಿಕೊಟ್ಟರು. ಅದಕ್ಕೆ ಖರ್ಚಿಲ್ಲ.

"ಒಂದನೇ ತಾರೀಖಿನೊಳಗೆ ಫೋನ್ ಬರುತ್ತಾ?" ಎಂದ ಪೇಂಟರ್.

"ಸುಳ್ಳು ಹೇಳಲಾರೆ. ವಾರಗಳೇ ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು. ನಾಳೆಯೇ ಎಲ್ಲರಿಗಿಂತ ಮೇಲೆ ತರ್ತೀವಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಮಾತ್ರ ಕೊಡಬೇಡಿ."

ಒಂದನೇ ತಾರೀಖು ಬಂತು. ಫೋನ್ ಬರಲಿಲ್ಲ. ಪೇಂಟರ್ ಖಾಕಿ ಅಂಗಿ ತೊಟ್ಟು ಗೋದಾಮಿನ ಗೇಟಿಗೆ ಹೋದ. ಅವಳು ಮಾತ್ರ ಭಾನುವಾರಕ್ಕೊಂದು ಹಳೆಯ ಕೆಲಸದ ಫೋಟೋ, ಅದರ ಕೆಳಗೆ ನಾಲ್ಕು ಸಾಲು ಹಾಕುವುದನ್ನು ಬಿಡಲಿಲ್ಲ. ಆಸೆಯಿಂದ ಅಲ್ಲ. ಬಿಟ್ಟರೆ ಅಂಗಡಿ ಪೂರ್ತಿ ಹೋದ ಹಾಗೆ ಎಂಬ ಭಯದಿಂದ.

ಏಳನೇ ಭಾನುವಾರ ಬೆಳಿಗ್ಗೆ ಇಬ್ಬರೂ ಅಂಗಡಿ ಖಾಲಿ ಮಾಡುತ್ತಿದ್ದರು. ಡಬ್ಬಿಗಳು ಪೆಟ್ಟಿಗೆ ಸೇರಿದ್ದವು, ಏಣಿಗೆ ಹಗ್ಗ ಕಟ್ಟಿಯಾಗಿತ್ತು. ಆಗ ಫೋನ್ ರಿಂಗಾಯಿತು. ಪೇಂಟರ್ ಗೋದಾಮಿನವರೆಂದುಕೊಂಡು ಸ್ಪೀಕರಿಗೆ ಹಾಕಿ, ಏಣಿ ಎತ್ತುತ್ತಲೇ "ಹೇಳಿ" ಎಂದ.

ಆ ಕಡೆಯಿಂದ ಹೆಣ್ಣುದನಿ. "ನಾನು ಹಲ್ಲಿನ ಡಾಕ್ಟರ್. ಗಾಜಿನ ಬಾಗಿಲ ಮೇಲೆ ಕೈಯಲ್ಲಿ ಅಕ್ಷರ ಬರೆಯೋರು ಸಿಗ್ತಾರಾ ಅಂತ ಹುಡುಕ್ತಾ ಇದ್ದೆ. ನಿಮ್ಮ ಪುಟ ಬಂತು. ಇದ್ದೀರಾ ಇನ್ನೂ? ಬರೀತೀರಾ?"

ಪೇಂಟರ್ ಏಣಿಯನ್ನು ಕೆಳಗಿಟ್ಟ. ಮಾತಾಡಿ ಎಂದು ಅವಳು ಕಣ್ಣಲ್ಲೇ ಗದರಿದಳು.

"ಇದ್ದೀನಮ್ಮ," ಎಂದ. ಇಪ್ಪತ್ತೆಂಟು ವರ್ಷ ಎಲ್ಲರನ್ನೂ ಕೇಳಿದ್ದನ್ನೇ ಕೇಳಿದ. "ಹೆಸರು ಆಮೇಲೆ ಹೇಳಿ. ಮೊದಲು ಇದು ಹೇಳಿ, ಜನ ನಿಮ್ಮನ್ನ ಏನಂತ ಕೇಳ್ಕೊಂಡು ಬರ್ತಾರೆ?"

ಅವಳು ಬಕೆಟ್ಟನ್ನು ಪೆಟ್ಟಿಗೆಯಿಂದ ಮತ್ತೆ ಹೊರತೆಗೆದು, ಬೋರಲು ಹಾಕಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ದಣಿವೆಲ್ಲ ಅಲ್ಲೇ ಇತ್ತು. ಆದರೂ ಅಂಗಡಿಯೂ ಇತ್ತು.

ಪೇಂಟರ್ ಗೋದಾಮು ಬಿಟ್ಟಿಲ್ಲ. ಒಂದು ಫೋನಿಗೆ ಬದುಕು ತಿರುಗಿಬಿಡುವುದಿಲ್ಲ. ಆದರೆ ಭಾನುವಾರ ಅವನ ಅಂಗಡಿ ತೆರೆದಿರುತ್ತದೆ, ಕುಂಚಗಳು ಒಣಗಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವೂ ನಿದ್ದೆಗೆಟ್ಟು, ಊಟ ಬಿಟ್ಟು, ಬೆರಳಲ್ಲಿ ಎಳೆದು ಒಂದು ವೆಬ್‌ಸೈಟ್ ಕಟ್ಟಿದ್ದೀರಾ? ಅದು ನೋಡಲು ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ. ಇವತ್ತು ಐದು ನಿಮಿಷ ಕೂತು, ಬೇರೆಯವರ ಫೋನಿನಲ್ಲಿ, ನಿಮ್ಮ ಹೆಸರಲ್ಲ, ನಿಮ್ಮ ಕೆಲಸದ ಹೆಸರು ಹಾಕಿ ಹುಡುಕಿ. ಸಿಗದಿದ್ದರೆ ಮೊದಲು ಆ ಗುಂಡಿ ನೋಡಿ. ಫೋಟೋದೊಳಗಿನ ಮಾತನ್ನು ಹೊರಗೂ ಬರೆಯಿರಿ. ಗಿರಾಕಿ ಬಾಯಲ್ಲಿ ಹೇಗೆ ಕೇಳುತ್ತಾರೋ ಹಾಗೇ ಬರೆಯಿರಿ. ನಿಮಗೆ ಸುಸ್ತಾಗಿದೆ ಎಂದು ಗೊತ್ತು. ಆದರೆ ನೀವು ಬೇಕಾದವರು ಎಲ್ಲೋ ಒಂದು ಕಡೆ ಈಗಲೂ ನಿಮ್ಮನ್ನು ಹುಡುಕುತ್ತಿದ್ದಾರೆ. ಅವರು ಕೈಬಿಡುವ ಮೊದಲು ಬಾಗಿಲು ತೆಗೆಯಿರಿ.