ಅಂಬೆಗಾಲಿನ ಕೂಸಿನ ಮುಂದೆ

ನನಗೆ ಕೋಪ ನೆತ್ತಿಗೇರಿತ್ತು. ಮದುವೆಯಾದಾಗಿನಿಂದ ಬೆಂಗಳೂರಿನ ಆಸ್ಪತ್ರೆಗೆ ಅಲೆದು, ಸೂಜಿ ಚುಚ್ಚಿಸಿಕೊಂಡು ಸಾಕಾಗಿತ್ತು. ಇನ್ನು ಮಗುವಿಗಾಗಿ ಒಂದು ಮಾತ್ರೆಯನ್ನೂ ನುಂಗಲಾರೆ ಎಂದು ಅತ್ತೆಗೆ ಹೇಳಿಬಿಡಬೇಕು ಅಂತಿದ್ದೆ, ಬಾಯಿ ಬರುತ್ತಿರಲಿಲ್ಲ. ಅಷ್ಟರಲ್ಲಿ ಈ ಹರಕೆ! ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಒಪ್ಪಿಸಿ ಬೇಡಿಕೊಂಡರೆ ಮಡಿಲು ತುಂಬುತ್ತದಂತೆ. ಹೊಂಗನೂರಿನಿಂದ ಬಂದು ಚನ್ನಪಟ್ಟಣದಲ್ಲಿ ಬಣ್ಣದ ಮರದ ತೊಟ್ಟಿಲು ಕೊಂಡ ಅತ್ತೆ ಅಂಬುಜಮ್ಮ, ದಾರಿಯುದ್ದಕ್ಕೂ ಅದನ್ನು ತೊಡೆಯಿಂದ ಇಳಿಸಲಿಲ್ಲ. ಬಸ್ಸಿನಲ್ಲಿ ಪಕ್ಕದವಳು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಅವಳಿಗೆ ಬೇರೆ ಕೆಲಸವಿರಲಿಲ್ಲವೋ ಏನೋ!

"ಒಸಿ ಮೊಖ ಸಡ್ಲ ಮಾಡು ಪ್ರತಿಮಾ," ಎಂದರು ಅತ್ತೆ. "ದೇವ್ರ ಮುಂದೆ ಹಿಂಗೆ ಊದುಸ್ಕಂಡು ನಿಂತ್ಕಬ್ಯಾಡ ಕಣವ್ವ."

"ಆಯ್ತು" ಎಂದೆ, ಊದಿಸಿಕೊಂಡೇ.

ಮುಖ್ಯ ಗುಡಿಯಲ್ಲಿ ಅಪ್ರಮೇಯ ಸ್ವಾಮಿಯ ದರ್ಶನ ಮುಗಿಸಿ ಕೃಷ್ಣನ ಗುಡಿಗೆ ಬಂದೆವು. ಒಳಗೆ ಮಬ್ಬು. ಅರ್ಚಕರು ತುಪ್ಪದ ದೀಪ ಎತ್ತಿ ಹಿಡಿದರು.

ಅಬ್ಬಾ! ಕಪ್ಪು ಕಲ್ಲಿನ ಕೂಸು ಅಂಗೈಯಲ್ಲಿ ಬೆಣ್ಣೆಯುಂಡೆ ಹಿಡಿದು, ಅಂಬೆಗಾಲಿಡುತ್ತಾ ನನ್ನನ್ನೇ ನೋಡುತ್ತಿತ್ತು. ದೀಪ ಅಲುಗಿದಾಗ ಕೆನ್ನೆಯೂ ಅಲುಗಿದಂತಾಯಿತು. ಎಷ್ಟು ನೂರು ವರ್ಷದಿಂದ, ಎಷ್ಟು ಹೆಂಗಸರನ್ನು ಹೀಗೆ ನೋಡಿದೆಯೋ! ಮೈ ಜುಮ್ಮೆಂದಿತು. ಅಷ್ಟು ಹೊತ್ತಿನ ಕೋಪ ಎಲ್ಲಿ ಹೋಯಿತೋ, ಎತ್ತಿಕೊಳ್ಳಲೆಂದು ಕೈ ತಾನಾಗಿ ಮುಂದೆ ಚಾಚಿತು.

ಅರ್ಚಕರು ಊದುಬತ್ತಿ ಹಚ್ಚಿ ಹತ್ತಿರ ಹಿಡಿದದ್ದೇ ತಡ, ಅತ್ತೆ ಕೂಗಿಯೇಬಿಟ್ಟರು. "ಅಯ್ಯೋ ಸ್ವಾಮಿ, ಒಸಿ ದೂರ ಇಡ್ಕಳಿ! ಮಗೀಗೆ ಹೊಗೆ ತಾಕ್ತದೆ!"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ರೇಷ್ಮೆಹುಳು ಸಾಕುವ ಮನೆ ನಮ್ಮದು. ಹುಳಕ್ಕೆ ಘಾಟು ಆಗದೆಂದು ಅತ್ತೆ ಮನೆಯಲ್ಲಿ ದೇವರ ಮುಂದೂ ಊದುಬತ್ತಿ ಹಚ್ಚುವುದಿಲ್ಲ. ಅರ್ಚಕರು ನಗುತ್ತಲೇ ಊದುಬತ್ತಿಯನ್ನು ಹಿಂದಕ್ಕೆ ಸರಿಸಿದರು. ಅತ್ತೆ ಮಾತ್ರ ನಗಲಿಲ್ಲ. ತೊಟ್ಟಿಲು ಒಪ್ಪಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು.

"ಮಗೀನ ಕೇಳ್ಕಂಡ್ರಾ ಅತ್ತೆ?" ಎಂದೆ, ಹಿಂದೆಯೇ ಬಂದು.

"ಇಲ್ಲ ಕಣವ್ವ. ಕೇಳೋಕೆ ಬಾಯೇ ಬರ್ಲಿಲ್ಲ. ಆ ಕಂದಾನೇ ಇನ್ನೂ ಅಂಬೆಗಾಲಿಕ್ತಾ ಐತೆ. ಅದ್ರ ತಾವ ಏನಂತ ಕೇಳಾದು?"

ನಾನು ಕಲ್ಲಿನ ಜಗಲಿಯ ಮೇಲೆ ಕುಳಿತೆ. "ಅತ್ತೆ, ನಾನಿನ್ನು ಆಸ್ಪತ್ರೆಗೆ ಬರಾಕಿಲ್ಲ. ನನ್ ಕೈಲಾಗಲ್ಲ."

ಅತ್ತೆ ಪಕ್ಕದಲ್ಲಿ ಕುಳಿತು, ನನ್ನ ತೋಳಿನ ಸೂಜಿ ಕಲೆಗಳ ಮೇಲೆ ಬೆರಳಾಡಿಸಿದರು.

"ಬ್ಯಾಡ ಬುಡು," ಎಂದರು. "ಆ ಕಂದನ್ನೇ ಕೇಳ್ಲಿಲ್ಲ, ಇನ್ನು ನಿನ್ನ ಕೇಳ್ತೀನಾ? ಏಳು, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು."