ಮೇಲಿನ ಮೂರು ತಂತಿ

ಮೈಸೂರಿನಲ್ಲಿ ಇಂಗ್ಲಿಷ್ ಬ್ಯಾಂಡಿನವರ ಬಳಿ ಪಿಟೀಲು ಕಲಿತು ಚಳ್ಳಕೆರೆಗೆ ಹಿಂತಿರುಗಿದ ಮುರುಗೇಂದ್ರಪ್ಪನಿಗೆ ಒಂದೇ ಹುಚ್ಚು. ಹತ್ತಾರು ಪಿಟೀಲುಗಳ ನಡುವೆ ತನ್ನ ಮೊದಲ ಗುರುಗಳ ಸ್ವರಮಂಡಲವನ್ನು ಕೂರಿಸಿ ಯಾರೂ ಕೇಳಿರದ ಸಂಗೀತ ಕಟ್ಟಬೇಕು. ನಾಟಕ ಕಂಪನಿ ಮುಳುಗಿ ಮೂಲೆ ಹಿಡಿದಿದ್ದ ಪಿಟೀಲಿನವರನ್ನೆಲ್ಲ ಒಟ್ಟುಹಾಕಿದ. ಒಂದು ಸಾಲೂ ಬರೆಯುವ ಮೊದಲೇ, ಕಂಬಳಿ ಮಂಡಿಯ ಹಜಾರದಲ್ಲಿ ಕಛೇರಿ ಎಂದು ಊರಿಗೆಲ್ಲ ಸಾರಿಬಿಟ್ಟ. ಅವಸರದ ಮನುಷ್ಯ.

ಗುರು ಪೆದ್ದಣ್ಣನವರು ಮೊಳಕಾಲ್ಮುರಿನ ನೇಕಾರರು. ಹಗಲೆಲ್ಲ ರೇಷ್ಮೆ ಸೀರೆ, ಸಂಜೆ ಸ್ವರಮಂಡಲ. ಆ ವಾದ್ಯದಲ್ಲಿ ಒಂದು ತಂತಿಗೆ ಒಂದೇ ಸ್ವರ. ನುಡಿಸುವ ಮೊದಲೇ ಎಲ್ಲವನ್ನೂ ಶ್ರುತಿ ಮಾಡಿಕೊಂಡಿರಬೇಕು. ಬಿರಡೆ ತಿರುಗಿಸುವ ಹಿತ್ತಾಳೆ ಕೀಲಿ ಸದಾ ಅವರ ಉಡಿದಾರದಲ್ಲಿ ನೇತಾಡುತ್ತಿತ್ತು. ಮನೆಯವರು ಕೂಡ ಅದನ್ನು ಮುಟ್ಟುವ ಹಾಗಿರಲಿಲ್ಲ.

ಗುರುಗಳ ಮುಂದೆ ಮತ್ತೆ ಕೂತ ಮೊದಲ ದಿನವೇ ಮುರುಗೇಂದ್ರಪ್ಪನಿಗೆ ಗೊತ್ತಾಗಿಹೋಯಿತು. ಮೇಲಿನ, ಅತಿ ಸಣ್ಣ ದನಿಯ ಮೂರು ತಂತಿಗಳು ಶ್ರುತಿಗಿಂತ ಇಳಿದಿದ್ದವು. ಗುರುಗಳು ಮಾತ್ರ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಜೀವಮಾನವೆಲ್ಲ ಮಗ್ಗದ ಸದ್ದು ಕೇಳಿದ ಕಿವಿಗೆ ಸಣ್ಣ ದನಿ ಈಗ ಕೇಳಿಸುತ್ತಿರಲಿಲ್ಲ. ಅವರ ಮುಂದೆ ಅದನ್ನು ಹೇಳುವ ಗಂಡೆದೆ ಯಾರಿಗಿತ್ತು? ಮುರುಗೇಂದ್ರಪ್ಪ ಉಪಾಯ ಮಾಡಿದ. ಆ ಮೂರು ತಂತಿ ಬಾರದ ಹಾಗೆ ಇಡೀ ಕೃತಿ ಕಟ್ಟಿದ.

ಪೆದ್ದಣ್ಣನವರು ಅದನ್ನು ಒಮ್ಮೆ ನುಡಿಸಿ ತಂತಿಯಿಂದ ಕೈ ಎತ್ತಿದರು.

"ಏಮಿರಾ ಮುರುಗಾ, ಈ ಮೂರು ತಂತಿ ಏನು ತಪ್ಪು ಮಾಡ್ಯಾವೆ?"

"ಆ ಸ್ವರ ಪಿಟೀಲಿಗೆ ಬಿಟ್ಟೀನಿ, ಗುರುಗಳೇ."

"ಹಾಸಿನಾಗೆ ಎಳೆ ಕಟ್ಟಿ, ನೇಯೋವಾಗ ಬಿಟ್ರೆ ಅದು ಸೀರೆ ಆಗ್ತೈತಾ? ಹಾಕಿ ಬರಿ. ಇಲ್ಲಾಂದ್ರೆ ನಾನು ಚಳ್ಳಕೆರೆಗೆ ಬರಲ್ಲ."

ಗಾಡಿಯಲ್ಲಿ ಊರಿಗೆ ಮರಳುವಾಗ ಮುರುಗೇಂದ್ರಪ್ಪನಿಗೆ ದಾರಿಯುದ್ದಕ್ಕೂ ಅದೇ ಯೋಚನೆ. ಗುರುಗಳನ್ನು ಬಿಟ್ಟರೆ ಕಛೇರಿಗೆ ಅರ್ಥವಿಲ್ಲ. ಕರೆದರೆ ತುಂಬಿದ ಸಭೆಯಲ್ಲಿ ಅವರ ಮಾನ ಹೋಗುತ್ತದೆ. ಕೊನೆಗೆ ಮೂರೂ ತಂತಿ ಸೇರಿಸಿ ಮುಕ್ತಾಯವನ್ನು ಹೊಸದಾಗಿ ಬರೆದು, ಪಿಟೀಲಿನವರನ್ನು ಕೂರಿಸಿಕೊಂಡ.

"ಗುರುಗಳ ಆ ಮೂರು ತಂತಿ ಏನು ಹೇಳ್ತಾವೋ ಅದೇ ಸ್ವರ. ನಮ್ಮ ಬೆರಳು ಅಲ್ಲಿಗೆ ಜಾರಬೇಕು."

"ಅಪಸ್ವರ ಅಂತ ಜನ ನಮಗೆ ಉಗೀತಾರೆ ಕಣಪ್ಪಾ," ಎಂದ ಹಿರಿಯ ಪಿಟೀಲಿನ ಜಯಣ್ಣ.

"ನಮಗೇ ಉಗೀಲಿ."

ಕಛೇರಿ ಚೆನ್ನಾಗಿಯೇ ನಡೆಯಿತು. ಸ್ವರಮಂಡಲ ಒಂದು ಮಾತು ಎತ್ತಿದರೆ ಪಿಟೀಲುಗಳು ಅದನ್ನು ಹಿಡಿದು ದೂರ ಒಯ್ಯುತ್ತಿದ್ದವು. ಜನ ಕೆಮ್ಮುವುದನ್ನೂ ಮರೆತು ಕೂತಿದ್ದರು. ಮುಕ್ತಾಯದಲ್ಲಿ ಪೆದ್ದಣ್ಣನವರು ಮೇಲಿನ ತಂತಿಗಳನ್ನು ಮೀಟಿದರು. ಹೇಳಿಕೊಟ್ಟಂತೆ ಅಷ್ಟೂ ಪಿಟೀಲುಗಳು ಒಟ್ಟಿಗೆ ಇಳಿದು ಆ ಸ್ವರಕ್ಕೆ ಅಂಟಿಕೊಂಡವು. ಹಿಂದೆ ಮೊರೆಯುತ್ತಿದ್ದ ತಂಬೂರಿ ಮಾತ್ರ ಸರಿಯಾದ ಶ್ರುತಿಯಲ್ಲೇ ಉಳಿದು ಅಪಸ್ವರವನ್ನು ಎತ್ತಿ ತೋರಿಸಿತು. ಸಭೆಯಲ್ಲಿ ಗುಸುಗುಸು ಎದ್ದಿತು.

ಸಂಗೀತ ಬಲ್ಲವನೆಂದು ತನ್ನನ್ನು ತಾನೇ ನಂಬಿದ್ದ ಸಾಹುಕಾರ ಹಾಲೇಶಪ್ಪ ಎದ್ದು ನಿಂತ. "ಮೈಸೂರಿಗೆ ಹೋಗಿ ಕಲ್ತಿದ್ದು ಇದೇನಾ? ಹಿರೇರ ಕೈ ಬಂಗಾರ, ಈ ಪಿಟೀಲಿನೋರು ಕೊನೇಲಿ ಕೆಡಿಸಿದ್ರು!"

"ತಪ್ಪಾತು ಸ್ವಾಮಿ," ಎಂದು ಮುರುಗೇಂದ್ರಪ್ಪ ಕೈಮುಗಿದ. ತಾನೇ ಬಯಸಿದ ಬೈಗುಳವಾದರೂ ನೋವಾಯಿತು. ಬಹಳ ನೋವಾಯಿತು.

ಜನ ಚದುರಿದ ಮೇಲೆ ಪೆದ್ದಣ್ಣನವರು ಅವನನ್ನು ಹತ್ತಿರ ಕರೆದರು.

"ನನ್ನ ಕಿವಿ ಹೋಗೈತೆ, ಕಣ್ಣು ಹೋಗಿಲ್ಲ ಕಣೋ. ಆ ಮೂರು ತಂತಿ ಮೀಟಿದಾಗೆಲ್ಲ ನಿಮ್ಮೆಲ್ಲರ ಬೆರಳೂ ಪಿಟೀಲಿನ ಬಿರಡೆ ಕಡೆ ಜಾರಿದ್ವು. ಅಂದ್ರೆ ನನ್ನ ತಂತಿ ಇಳಿದಾವೆ."

ಮುದುಕರು ಉಡಿದಾರ ಸಡಿಲಿಸಿ ಕೀಲಿ ಬಿಚ್ಚಿ ಅವನ ಅಂಗೈಯಲ್ಲಿಟ್ಟರು.

"ಇನ್ನೊಂದು ಸಲ ನುಡಿಸಾನ. ಶ್ರುತಿ ನೀನು ಮಾಡು."

ಚೀಲ ಕಟ್ಟುತ್ತಿದ್ದ ಪಿಟೀಲಿನವರು ಮತ್ತೆ ಬಂದು ಕೂತರು. ಮುರುಗೇಂದ್ರಪ್ಪ ಕೀಲಿ ಹಾಕಿ ಮೇಲಿನ ತಂತಿಯನ್ನು ಮೀಟುತ್ತ ಮೆಲ್ಲಗೆ ಏರಿಸತೊಡಗಿದ. ಸ್ವರ ಸರಿಹೋಯಿತೋ ಇಲ್ಲವೋ ಎಂಬುದನ್ನು ಪೆದ್ದಣ್ಣನವರು ಅವನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು.